ಅಧ್ಯಾಯ ಮುಗಿಯುವವರೆಗೆ

ನಾನು ನಿಂತಿದ್ದದ್ದು ಸಭಾಭವನದ ಉತ್ತರದ ಗೋಡೆಗೆ ಬೆನ್ನು ಕೊಟ್ಟು, ಎರಡನೆಯ ಕಿಟಕಿಗೂ ಚಹಾದ ಮೇಜಿಗೂ ನಡುವೆ. ವೇದಿಕೆಯಿಂದ ಸುಮಾರು ಏಳು ಮೀಟರ್ ದೂರ. ಗೋಡೆಯ ಗಡಿಯಾರ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಏಪ್ರಿಲ್ ತಿಂಗಳ ಕೊನೆಯ ಭಾನುವಾರ. ಭೂಕಂಪವಾಗಿ, ಅದರ ಬೆನ್ನಿಗೇ ಸುನಾಮಿ ಬಂದು ಮೂರು ವರ್ಷ ಕಳೆದಿತ್ತು. ಅದು ಜಪಾನಿನ ಸೆಂಡಾಯ್ ನಗರದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ, ಕಡಲಂಚಿನ ಒಂದು ಮೀನುಗಾರರ ಊರು. ಅಲ್ಲಿಯವರು ಕೇಳಿಕೊಂಡಿದ್ದಾರೆ, ಹಾಗಾಗಿ ಊರಿನ ಹೆಸರು ಬರೆಯುತ್ತಿಲ್ಲ.

ನಾನು ಕಟ್ಟಡಗಳ ಬಿರುಕು ಅಳೆಯುವ ಎಂಜಿನಿಯರ್. ಎಲ್ಲಿ ನಿಂತು ನೋಡಿದೆ, ಎಷ್ಟು ಹೊತ್ತಿಗೆ ನೋಡಿದೆ ಎಂದು ಬರೆಯದ ವರದಿಯನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆ ದಿನ ಕಂಡದ್ದನ್ನೂ ಹಾಗೆಯೇ ಬರೆದಿಡಬೇಕೆಂದು ನಮ್ಮ ಊರಿಗೆ ಮರಳಿದ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಬಂಧುಗಳು ಅಲ್ಲಿಯ ರೈಲಿನ ವೇಗ ಕೇಳುತ್ತಾರೆ, ಚೆರ್ರಿ ಹೂವಿನ ಫೋಟೋ ಕೇಳುತ್ತಾರೆ. ಅವೆಲ್ಲ ಇವೆ. ಮೊದಲು ಇದನ್ನು ಹೇಳಿ ಮುಗಿಸಬೇಕು.

ಸೆಂಡಾಯ್

ಅಲುಗಿದ ಕಟ್ಟಡವನ್ನು ಮತ್ತೆ ಬಳಸಬಹುದೇ, ಕೆಡವಬೇಕೇ ಎಂದು ತೀರ್ಮಾನಿಸುವ ಅವರ ಕ್ರಮವನ್ನು ಕಲಿಯಲು ಮೂರು ವಾರದ ಮಟ್ಟಿಗೆ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಅಲ್ಲಿ ನನ್ನ ಊಟ, ಓಡಾಟ ನೋಡಿಕೊಂಡವಳು ವಿದ್ಯಾ. ಬೆಂಗಳೂರಿನ ಬಸವನಗುಡಿಯವಳು, ಅಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ಒಂದು ಸಂಜೆ ಕೊಂಬಿನಿಯಲ್ಲಿ, ಅಂದರೆ ಬೀದಿಗೊಂದರಂತೆ ಇರುವ ಅಲ್ಲಿಯ ಸಣ್ಣ ಅಂಗಡಿಯಲ್ಲಿ, ಒಳಗೆ ಮೀನಿಲ್ಲದ ಅನ್ನದ ಉಂಡೆಯನ್ನು ನನಗಾಗಿ ಹುಡುಕುತ್ತಾ ಕೇಳಿದಳು:

"ಸರ್, ಸಂಡೇ ಫ್ರೀ ಇದ್ದೀರಾ? ಸ್ಪ್ಯಾನಿಷ್ ಭಾಷಾ ದಿನ ಇದೆ. ಹೋಗೋಣ."

"ಜಪಾನಿನಲ್ಲಿ ಸ್ಪ್ಯಾನಿಷ್ಷೇ?"

"ಬೆಂಗಳೂರಲ್ಲಿ ಕನ್ನಡ ರಾಜ್ಯೋತ್ಸವ ಮಾಡಲ್ವಾ ಸರ್, ಹಂಗೆ," ಎಂದು ಅವಳು ಉಂಡೆಯನ್ನು ಬುಟ್ಟಿಗೆ ಹಾಕಿದಳು.

ವಿದ್ಯಾ ಬೊಲಿವಿಯಾದ ಒಬ್ಬ ಹುಡುಗಿಯ ಜೊತೆ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು ಸ್ಪ್ಯಾನಿಷ್ ಕಲಿತಿದ್ದಳು. ಅವಳಿಂದ ನನಗೆ ತಿಳಿದದ್ದು ಇಷ್ಟು. ನೂರು ವರ್ಷಗಳ ಹಿಂದೆ ಜಪಾನಿನಿಂದ ಪೆರು, ಬೊಲಿವಿಯಾ, ಕ್ಯೂಬಾಗಳಿಗೆ ಕೂಲಿಗೆಂದು ಹೋದವರಿದ್ದರು. ಅವರ ಮೊಮ್ಮಕ್ಕಳು ಈಗ ಅಜ್ಜನ ದೇಶಕ್ಕೆ ಕೂಲಿಗೆಂದು ಮರಳಿದ್ದಾರೆ. ಮುಖ ಜಪಾನಿನದು, ಹೆಸರಿನ ಅರ್ಧ ಜಪಾನಿನದು, ಬಾಯಲ್ಲಿರುವುದು ಸ್ಪ್ಯಾನಿಷ್. ರಸ್ತೆಯಲ್ಲಿ ಎಲ್ಲರೂ ಅವರನ್ನು ಜಪಾನಿಯಲ್ಲೇ ಮಾತಾಡಿಸುತ್ತಾರೆ. ಉತ್ತರ ಬಾರದಿದ್ದಾಗ ಮುಖ ನೋಡುತ್ತಾರೆ. ಆ ಕಡಲೂರಿನ ಮೀನು ಸಂಸ್ಕರಣೆಯ ಕಾರ್ಖಾನೆಯಲ್ಲಿ ಅಂಥವರು ಹನ್ನೊಂದು ಜನ ಇದ್ದರು.

ಅವರಲ್ಲಿ ರೋಸಾ ಎಂಬಾಕೆ ಕ್ಯೂಬಾದವರು. ಅಲ್ಲಿ ಚುಟ್ಟಾ ಸುತ್ತುವ ಕಾರ್ಖಾನೆಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬರು ಎತ್ತರದ ಕುರ್ಚಿಯಲ್ಲಿ ಕೂತು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಯಾವ ಕಾದಂಬರಿ ಎಂಬುದನ್ನು ಕೆಲಸಗಾರರೇ ಕೈ ಎತ್ತಿ ಆರಿಸುತ್ತಾರೆ. ಶಾಲೆಯ ಮುಖ ಕಾಣದವರು ಹೀಗೆ ಕೇಳಿ ಕೇಳಿ ತಮ್ಮ ಭಾಷೆಯ ದೊಡ್ಡ ಕಾದಂಬರಿಗಳನ್ನೆಲ್ಲ ಬಲ್ಲವರಾಗಿ, ಪಾತ್ರಗಳ ಬಗ್ಗೆ ಜಗಳವಾಡುತ್ತಾರಂತೆ. ರೋಸಾ ಅವರ ಅಜ್ಜ ಅಂಥ ಓದುಗರಾಗಿದ್ದರು. ಮೀನಿನ ಕಾರ್ಖಾನೆಗೆ ಸೇರಿದ ಎರಡನೆಯ ವರ್ಷ ರೋಸಾ ಮೇಲ್ವಿಚಾರಕರನ್ನು ಕೇಳಿ, ಮಧ್ಯಾಹ್ನ ಒಂದು ಗಂಟೆ ಕಾಲ ಇಲ್ಲಿಯೂ ಓದುವುದಕ್ಕೆ ಒಪ್ಪಿಸಿದರು. ಆ ಒಂದು ಗಂಟೆಯ ಅವರ ಪಾಲಿನ ಮೀನನ್ನು ಉಳಿದ ಹತ್ತು ಜನ ಹಂಚಿಕೊಂಡು ಶುಚಿಮಾಡುತ್ತಿದ್ದರು.

"ಭೂಕಂಪದ ದಿನ ರೋಸಾ ಸಾನ್ ಓದ್ತಾ ಇದ್ರಂತೆ. ಎಲ್ಲರನ್ನೂ ಸಮಾಧಾನ ಮಾಡಿ ಗುಡ್ಡದ ಮೇಲೆ ಕರ್ಕೊಂಡ್ ಹೋದ್ರು. ಏಳು ಜನ ಉಳಿದ್ರು. ಪೇಪರಲ್ಲೆಲ್ಲ ಬಂದಿತ್ತು, 'ಏಳು ಜೀವ ಉಳಿಸಿದ ದನಿ' ಅಂತ. ಆಮೇಲೆ ಅವರು ಓದೋದೇ ಬಿಟ್ಬಿಟ್ರು. ಈ ಸಲ ಓದ್ತೀನಿ ಅಂತ ಅವರಾಗೇ ಹೇಳಿದಾರೆ. ಅದಕ್ಕೇ ಹೋಗ್ತಿರೋದು," ಎಂದಳು ವಿದ್ಯಾ. ಗೌರವದಿಂದ 'ಅವರು' ಎನ್ನುವುದಕ್ಕೆ ಅಲ್ಲಿ ಹೆಸರಿನ ಮುಂದೆ 'ಸಾನ್' ಸೇರಿಸುತ್ತಾರೆ.

ಮೂರು ವರ್ಷದ ಬಳಿಕ ಒಬ್ಬಾಕೆ ಮತ್ತೆ ಪುಸ್ತಕ ತೆರೆಯುತ್ತಾರೆ. ಅದನ್ನು ನೋಡಲು ಹೋಗುತ್ತಿದ್ದೇವೆ ಎಂದುಕೊಂಡು ನಾನು ಪೆಟ್ಟಿಗೆಯಿಂದ ಒಂದು ಮೈಸೂರು ರೇಷ್ಮೆಯ ಶಾಲು ತೆಗೆದಿಟ್ಟೆ. ಸಭೆ ಎಂದರೆ ಸನ್ಮಾನ ಇರಲೇಬೇಕಲ್ಲ.

ಬಸ್ಸು

ಬಸ್ಸಿನಲ್ಲಿ ಒಂಬತ್ತು ಜನ ಇದ್ದೆವು. ಗುಡ್ಡ ಇಳಿಯುವ ತಿರುವಿನಲ್ಲಿ ರಸ್ತೆ ಬದಿಗೆ ನೀಲಿ ಫಲಕ ಬಂತು. ಇಲ್ಲಿಂದ ಮುಂದೆ ನೀರು ಬಂದಿದ್ದ ಪ್ರದೇಶ ಎಂದು ಅದರಲ್ಲಿ ಬರೆದಿದೆ ಎಂದು ವಿದ್ಯಾ ಓದಿ ಹೇಳಿದಳು. ಅಷ್ಟು ಹೊತ್ತು ಮೆಲ್ಲಗೆ ಮಾತಾಡುತ್ತಿದ್ದ ಮುಂದಿನ ಸೀಟಿನ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ನಮ್ಮಲ್ಲಿ ದೇವಸ್ಥಾನ ಕಂಡರೆ ಬಸ್ಸಿನಲ್ಲಿದ್ದವರ ಕೈ ತಾನಾಗಿ ಎದೆಗೆ ಹೋಗುವುದಿಲ್ಲವೇ, ಹಾಗೆ ಆ ಫಲಕ ಕಂಡರೆ ಇವರ ಮಾತು ನಿಲ್ಲುತ್ತದೆ.

ಕೆಳಗೆ ಬಯಲಿತ್ತು. ಬಯಲೆಂದೇ ಮೊದಲು ತಿಳಿದಿದ್ದೆ. ಹತ್ತಿರ ಹೋದಾಗ ಹುಲ್ಲಿನೊಳಗೆ ಚೌಕ ಚೌಕವಾಗಿ ಕಾಂಕ್ರೀಟಿನ ಅಡಿಪಾಯಗಳು ಕಂಡವು. ಮನೆ ಕಟ್ಟುವ ಮುಂಚಿನ ಅಡಿಪಾಯ ನಾನು ಸಾವಿರ ನೋಡಿದ್ದೇನೆ. ಇವು ಮನೆ ಹೋದ ಮೇಲಿನವು. ಒಂದರ ಮೇಲೆ ಸ್ನಾನದ ಮನೆಯ ನೀಲಿ ಹೆಂಚು ಹಾಗೇ ಇತ್ತು, ನೀರಿನ ಕೊಳಾಯಿಯೂ ನೆಟ್ಟಗೆ ನಿಂತಿತ್ತು. ನಾನು ಎಣಿಸಲು ಶುರುಮಾಡಿ ನಾಲ್ಕು ನಿಮಿಷದ ಬಳಿಕ ನಿಲ್ಲಿಸಿದೆ.

ಸಭಾಭವನ

ಸಭಾಭವನ ಗುಡ್ಡದ ಅರ್ಧದಲ್ಲಿದೆ. ನೀರು ಅಲ್ಲಿಗೆ ಬಂದಿರಲಿಲ್ಲ. ಒಳಗೆ ಕಾಲಿಟ್ಟವನು ಅಭ್ಯಾಸಬಲದಿಂದ ಬಾಗಿಲ ಪಕ್ಕದ ಬಿರುಕಿಗೆ ಅಳತೆಯ ಕಾರ್ಡು ಹಿಡಿದೆ. ಹಿಂದಿನಿಂದ ಯಾರೋ ಓಡಿ ಬಂದರು. ಅರವತ್ತು ದಾಟಿದ, ಬೂದು ಕೋಟಿನ ಗಂಡಸು. ನನಗೆ ಬಾಗಿ, "ಸುಮಿಮಾಸೆನ್, ಸುಮಿಮಾಸೆನ್," ಎಂದರು.

"ಬಿರುಕು ಇರೋದಕ್ಕೆ ಸಾರಿ ಕೇಳ್ತಿದಾರೆ ಸರ್," ಎಂದಳು ವಿದ್ಯಾ. "ಇವರೇ ಓನೊ ಸಾನ್. ಆ ಕಾರ್ಖಾನೆ ಮೇಲ್ವಿಚಾರಕರಾಗಿದ್ರು. ಈಗ ಈ ಹಾಲ್ ನೋಡ್ಕೋತಾರೆ."

ಅದು ಗಾರೆಯ ಬಿರುಕು, ಗೋಡೆಗೆ ಏನೂ ಆಗಿಲ್ಲ ಎಂದು ಹೇಳಿಸಿದೆ. ಅವರು ಇನ್ನೊಮ್ಮೆ ಬಾಗಿ ಧನ್ಯವಾದ ಹೇಳಿದರು. ನಮ್ಮಲ್ಲಿ ಬಿರುಕಿನ ಬಗ್ಗೆ ಬರೆದರೆ ಕಟ್ಟಿದವನು ವಕೀಲನನ್ನು ಕರೆತರುತ್ತಾನೆ.

ಚಹಾದ ಮೇಜಿನ ಬಳಿ ರೋಸಾ ಅವರು ಇದ್ದರು. ಐವತ್ತೈದರ ಹೆಂಗಸು, ಗಿಡ್ಡ, ಮೀನಿನ ಚೂರಿ ಹಿಡಿದು ಸವೆದ ಬೆರಳುಗಳು. ಅವರಿಗೆ ಅಂಟಿಕೊಂಡೇ ಇದ್ದವರು ಪೆರುವಿನ ಎಕ್ತೋರ್, ಬದುಕಿ ಉಳಿದ ಏಳು ಜನರಲ್ಲಿ ಒಬ್ಬರು.

"ಇವಳ ಓದು ಕೇಳೋಕೆ ಅಷ್ಟು ದೂರದಿಂದ ಬಂದ್ರಾ?" ಎಂದು ಎಕ್ತೋರ್ ವಿದ್ಯಾಳ ಮೂಲಕ ನನ್ನನ್ನು ಕೇಳಿದರು. "ಕ್ಯೂಬಾದವರು ಪದದ ಕೊನೆ ನುಂಗಿಬಿಡ್ತಾರೆ. ಹತ್ತು ವರ್ಷ ಅರ್ಧ ಕಾದಂಬರಿ ಕೇಳಿದೀವಿ, ಉಳಿದರ್ಧ ಇವಳ ಹೊಟ್ಟೇಲಿದೆ."

"ಪೆರುವಿನವರಿಗೆ ನಿಧಾನವಾಗಿ ಹೇಳಿದ್ರೂ ಅರ್ಧವೇ ಹೋಗೋದು," ಎಂದರು ರೋಸಾ.

ಓನೊ ಸಾನ್ ತಾವೂ ಒಂದು ಮಾತು ಸೇರಿಸಿದರು. ಅವರಿಗೆ ಸ್ಪ್ಯಾನಿಷ್ ಒಂದಕ್ಷರ ಬಾರದು. ಆದರೆ ಕೆಲಸಗಾರರ ಮುಖ ನೋಡಿ ನೋಡಿ ಅವರಿಗೂ ಕಥೆಯ ಚಪಲ ಹತ್ತಿತ್ತು. ವಿರಾಮದಲ್ಲಿ ಒಬ್ಬೊಬ್ಬರನ್ನೇ ಹಿಡಿದು, "ಆ ವಿಧವೆ ಮದುವೆಯಾದಳೋ ಇಲ್ಲವೋ?" ಎಂದು ಕೇಳುತ್ತಿದ್ದರಂತೆ. ಹತ್ತಿರದವರೆಲ್ಲ ನಕ್ಕರು. ಮೂರು ದೇಶದವರು ಮೂರು ಬಗೆಯ ಉಚ್ಚಾರದಲ್ಲಿ ಒಂದೇ ಭಾಷೆ ಆಡುತ್ತಿದ್ದರು. ಬೀದರಿನವನೂ ಕುಂದಾಪುರದವನೂ ಪರದೇಶದಲ್ಲಿ ಎದುರಾದಂತೆ ಅಣಕವೂ ಅಕ್ಕರೆಯೂ ಅದರಲ್ಲಿ ಬೆರೆತಿತ್ತು.

ರೋಸಾ ನನ್ನ ಕಡೆ ತಿರುಗಿ, ನಿಮ್ಮಲ್ಲೂ ಹೀಗೆ ಓದಿ ಹೇಳುವುದುಂಟೇ ಎಂದು ಕೇಳಿದರು.

ನಾನು ಸಂತೋಷದಿಂದ ಹೇಳಿದೆ. ಚಿತ್ರದುರ್ಗದ ನಮ್ಮ ಬೀದಿಯ ಮಠದಲ್ಲಿ ಶ್ರಾವಣವಿಡೀ ಪುರಾಣ ನಡೆಯುತ್ತಿತ್ತು. ಒಬ್ಬರು ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಧ್ಯಾಯ ಹಿಡಿದ ಮೇಲೆ ಮಂಗಳವಾಗುವ ತನಕ ಯಾರೂ ಏಳಬಾರದು. ಒಮ್ಮೆ ನಮ್ಮ ಮನೆಯಿಂದ ಹಾಲು ಸೀದ ವಾಸನೆ ಮಠದವರೆಗೂ ಬಂದಿತು. ನಾನು ಏಳಹೋದರೆ ಗಿರಿಜತ್ತೆ ಅಂಗಿ ಹಿಡಿದು ಎಳೆದು, "ಕೂತ್ಕಳೋ, ಅಧ್ಯಾಯ ಮುಗೀಲಿ," ಎಂದರು. ಮುಗಿಸಿ ಹೋಗಿ ನೋಡಿದರೆ ಪಾತ್ರೆ ತೂತಾಗಿ, ಅಡುಗೆಮನೆಯ ಗೋಡೆ ಸೂರಿನ ತನಕ ಕಪ್ಪಾಗಿತ್ತು. ಅತ್ತೆ ಮಾತ್ರ, "ಹೋಗ್ಲಿ ಬಿಡು, ಕಥೆ ಪೂರ್ತಿ ಆಯ್ತಲ್ಲ," ಎಂದರು.

ವಿದ್ಯಾ ಅದನ್ನು ಚೆನ್ನಾಗಿಯೇ ಹೇಳಿರಬೇಕು. ಎಲ್ಲರೂ ನಕ್ಕರು. ರೋಸಾ ನಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ಎಕ್ತೋರ್ ಅವರ ನಗುವೂ ಅರ್ಧಕ್ಕೇ ನಿಂತಿತು. ಏನೋ ತಪ್ಪಿದೆ ಎಂದು ನನಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ.

ಎತ್ತರದ ಕುರ್ಚಿ

ನಾಡಗೀತೆ, ದೀಪ, ಹಾರ ಏನೂ ಇರಲಿಲ್ಲ. ಮಕ್ಕಳು ಒಬ್ಬೊಬ್ಬರೇ ಬಂದು ಅಜ್ಜಿಯಿಂದ ಕಲಿತ ಒಂದೊಂದು ಒಗಟನ್ನು ಸ್ಪ್ಯಾನಿಷಿನಲ್ಲಿ ಹೇಳಿದರು. ಉತ್ತರ ಹೇಳುವಾಗ ಮರೆತು ಜಪಾನಿಗೆ ಹೊರಳುತ್ತಿದ್ದರು. ಬೊಲಿವಿಯಾದ ಮುದುಕರೊಬ್ಬರು ಮಾತಾಡಿದರು. ಕಾರ್ಖಾನೆಯಲ್ಲಿ ದಿನವಿಡೀ ನಮಗೆ ತಿಳಿಯುತ್ತಿದ್ದದ್ದು 'ಬೇಗ', 'ಹೆಚ್ಚು', 'ಜಾಗ್ರತೆ' ಎಂಬ ಮೂರೇ ಮಾತು. ಆ ಒಂದು ಗಂಟೆ ಮಾತ್ರ ಪ್ರೀತಿ, ಮೋಸ, ಆಸ್ತಿ, ದೇವರು ಎಲ್ಲದರ ಬಗ್ಗೆಯೂ ಯೋಚಿಸಬಲ್ಲ ಮನುಷ್ಯರಾಗಿರುತ್ತಿದ್ದೆವು ಎಂದರು. ನಾನು ಅದನ್ನು ಬರೆದುಕೊಂಡೆ.

ಹನ್ನೊಂದು ಹತ್ತಕ್ಕೆ ರೋಸಾ ವೇದಿಕೆಯ ಎತ್ತರದ ಕುರ್ಚಿ ಏರಿದರು. ಅವರ ತಲೆಯ ಹಿಂದಿನ ಗೋಡೆಯಲ್ಲಿ, ಏಳು ಜೀವ ಉಳಿಸಿದ್ದಕ್ಕೆ ಊರಿನವರು ಕೊಟ್ಟ ಪ್ರಶಸ್ತಿಪತ್ರ ಚೌಕಟ್ಟಿನಲ್ಲಿತ್ತು. ಕೈಯಲ್ಲಿ ಒಂದು ದಪ್ಪ ಪುಸ್ತಕ. ಪುಟಗಳು ಒಮ್ಮೆ ನೆನೆದು ಒಣಗಿ ಉಬ್ಬಿದ್ದವು. ಅವರು ಅದನ್ನು ತೆರೆಯಲಿಲ್ಲ. ವಿದ್ಯಾ ನನ್ನ ಪಕ್ಕದಲ್ಲಿ ನಿಂತು ಪಿಸುದನಿಯಲ್ಲಿ ಹೇಳುತ್ತಾ ಹೋದಳು. ಅದನ್ನು ಅದೇ ದಿನ ಇಬ್ಬರೂ ಕೂತು ಸರಿನೋಡಿ ಬರೆದಿದ್ದೇವೆ.

"ನೀವು ಕೇಳಿರೋ ಕಥೆ ಸುಳ್ಳು," ಎಂದರು ರೋಸಾ. "ಅದನ್ನ ನಾನು ಹೇಳಿರಲಿಲ್ಲ. ಆದ್ರೆ ಬೇರೆಯವರು ಹೇಳುವಾಗ ಸುಮ್ಮನಿದ್ದೆ.

"ಅಲುಗಾಟ ನಿಂತ ಮೇಲೆ ಹನ್ನೊಂದು ಜನವೂ ಅಂಗಳಕ್ಕೆ ಬಂದ್ವಿ. ಹಿಮ ಬೀಳ್ತಿತ್ತು. ಕೆಲವರು ಅಳ್ತಿದ್ರು. ಪುಸ್ತಕ ನನ್ನ ಕೈಲೇ ಇತ್ತು, ಓದ್ತಿದ್ದ ಪುಟದಲ್ಲಿ ಬೆರಳಿತ್ತು. ಓದಿದ್ರೆ ಸಮಾಧಾನ ಆಗ್ತಾರೆ ಅಂತ ಓದೋಕೆ ಶುರುಮಾಡ್ದೆ. ಸಮಾಧಾನ ಆದ್ರು. ನೆಲದ ಮೇಲೆ ಕೂತ್ರು. ಊರಿನ ಧ್ವನಿವರ್ಧಕದಲ್ಲಿ ಏನೋ ಹೇಳ್ತಿದ್ರು, ಉದ್ದಕ್ಕೆ, ಜಪಾನಿಯಲ್ಲಿ. ನಾನು ಅದಕ್ಕಿಂತ ಜೋರಾಗಿ ಓದ್ದೆ.

"ಕಾರ್ಮೆನ್ ಎದ್ದು ನಿಂತು, 'ರೋಸಾ, ಗುಡ್ಡಕ್ಕೆ ಹೋಗೋಣ ನಡಿ,' ಅಂದ್ಲು. ನಾನು, 'ಎರಡೇ ಪುಟ ಇದೆ, ಅಧ್ಯಾಯ ಮುಗೀಲಿ, ಎಲ್ಲರೂ ಒಟ್ಟಿಗೆ ಹೋಗೋಣ,' ಅಂದೆ. ಅವಳು ಕೂತ್ಕೊಂಡ್ಲು."

ಇಲ್ಲಿ ವಿದ್ಯಾಳ ಪಿಸುಮಾತು ನಿಂತಿತು. ನಾನು ಅವಳ ಕಡೆ ನೋಡಲಿಲ್ಲ. ಅಧ್ಯಾಯ ಮುಗೀಲಿ. ಒಂದು ಗಂಟೆಯ ಹಿಂದೆ ಚಹಾ ಕುಡಿಯುತ್ತಾ ಅದನ್ನೇ ನಾನು ನಗೆಯ ಮಾತಾಗಿ ಹೇಳಿದ್ದೆ. ಬೆನ್ನ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತೆ.

"ಮುಗಿಸಿ ಹೊರಟ್ವಿ. ದೇಗುಲದ ಮೆಟ್ಟಿಲು ಹತ್ತಿದ್ವಿ. ಕಾರ್ಮೆನ್‌ಗೆ ಮಂಡಿನೋವು, ನಿಮಗೆಲ್ಲ ಗೊತ್ತು. ಮೂರು ಜನ ಅವಳನ್ನ ಹಿಡ್ಕೊಂಡು ಹಿಂದೆ ಬರ್ತಿದ್ರು. ಮೇಲಿಂದ ತಿರುಗಿ ನೋಡಿದಾಗ ಅವರು ಮೆಟ್ಟಿಲಿನ ಅರ್ಧದಲ್ಲಿದ್ರು. ಆಮೇಲೆ ಅಲ್ಲಿ ಮೆಟ್ಟಿಲೇ ಕಾಣ್ಲಿಲ್ಲ. ಎರಡು ಪುಟ ಓದೋಕೆ ನನಗೆ ಒಂಬತ್ತು ನಿಮಿಷ ಬೇಕು. ಆಮೇಲೆ ಮನೇಲಿ ಬೇರೆ ಪುಸ್ತಕ ಇಟ್ಕೊಂಡು ಓದಿ ನೋಡಿದೀನಿ."

ಓನೊ ಸಾನ್‌ಗೆ ಒಬ್ಬ ಹುಡುಗಿ ಜಪಾನಿಯಲ್ಲಿ ಹೇಳಿ ಮುಗಿಸುವುದು ಕೆಲವು ಕ್ಷಣ ತಡವಾಯಿತು. ಅವರು ಎದ್ದು ವೇದಿಕೆಯ ಮುಂದೆ ಹೋಗಿ ಸಭೆಗೆ ಮುಖ ಮಾಡಿದರು.

"ರೋಸಾ ಸಾನ್ ಒಂದು ಮಾತು ಬಿಟ್ಟಿದ್ದಾರೆ," ಎಂದರು. "ಓದಿ ಅಂತ ಹೇಳಿದ್ದು ನಾನು. ಧ್ವನಿವರ್ಧಕದ ಮಾತು ನನಗೆ ಅರ್ಥವಾಗುತ್ತಿತ್ತು. ಅಲೆ ಇಷ್ಟು ಎತ್ತರ ಬರಲಾರದು ಅಂದುಕೊಂಡೆ. ಹಾಜರಿ ತೆಗೆಯುವವರೆಗೂ ಇವರನ್ನು ಒಂದು ಕಡೆ ಕೂರಿಸಬೇಕಿತ್ತು."

ಅವರು ಬಾಗಿದರು. ಏಳಲಿಲ್ಲ. ಬೆಳಿಗ್ಗೆ ಬಿರುಕಿಗಾಗಿ ಬಾಗಿದ್ದೂ ಇದೂ ಒಂದೇ ದೇಹದ ಕೆಲಸ ಎಂದು ನಂಬಲು ನನಗೆ ಕಷ್ಟವಾಯಿತು.

ಎರಡು ಪುಟ

ಮೂರನೆಯ ಸಾಲಿನಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಎದ್ದು ನಿಂತಳು. "ಕಾರ್ಮೆನ್ ಮಗಳು, ಲೂಸಿಯಾ," ಎಂದಳು ವಿದ್ಯಾ. ಸೆಂಡಾಯ್‌ನ ಒಂದು ಕೊಂಬಿನಿಯಲ್ಲಿ ಕೆಲಸ ಮಾಡುವವಳು. ಈ ಊರಿಗೆ ಮೂರು ವರ್ಷದಿಂದ ಕಾಲಿಟ್ಟಿರಲಿಲ್ಲ. ಈ ದಿನ ಬರಬೇಕೆಂದು ರೋಸಾ ಅವರೇ ಪತ್ರ ಬರೆದು ಕರೆಸಿದ್ದರು. ಅವಳು ಮಾತಾಡಿದ್ದು ಜಪಾನಿಯಲ್ಲಿ; ಓನೊ ಸಾನ್ ಪಕ್ಕದಲ್ಲಿದ್ದ ಹುಡುಗಿ ಅದನ್ನು ರೋಸಾ ಅವರಿಗೆ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಳು. ಜಪಾನಿನಲ್ಲೇ ಬೆಳೆದವಳು, ತಾಯಿಯ ಭಾಷೆ ಕೇಳಿದರೆ ತಿಳಿಯುತ್ತದೆ, ನಾಲಿಗೆ ತಿರುಗುವುದಿಲ್ಲ.

"ಆ ಎರಡು ಪುಟದಲ್ಲಿ ಏನಿತ್ತು?"

ರೋಸಾ ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

"ಅಮ್ಮ ಅದಕ್ಕೋಸ್ಕರ ಕೂತಳಲ್ಲ. ಏನಿತ್ತು ಅದರಲ್ಲಿ?"

"ಆ ದಿನದಿಂದ ಇದನ್ನ ತೆರೆದಿಲ್ಲ, ಮಗಳೇ."

"ತೆರೀರಿ."

ರೋಸಾ ತೆರೆದರು. ಪುಟಗಳು ಅಂಟಿಕೊಂಡಿದ್ದವು, ಬಿಡಿಸುವುದಕ್ಕೆ ಹೊತ್ತು ಹಿಡಿಯಿತು. ಓದತೊಡಗಿದಾಗ ದನಿ ಒಡಕಾಗಿತ್ತು. ಅರ್ಧ ಪುಟ ದಾಟುವುದರೊಳಗೆ ಅದು ನೆಟ್ಟಗಾಯಿತು, ಆ ಮೇಲೆ ಭವನದ ಹಿಂದಿನ ಗೋಡೆಯವರೆಗೂ ಬಂತು. ಈ ದನಿ ಕೇಳಿದವರು ಯಾಕೆ ಕೂತರು ಎಂಬುದು ಭಾಷೆ ಬಾರದ ನನಗೂ ತಿಳಿಯಿತು. ಅದು ತಿಳಿದದ್ದಕ್ಕೆ ನನಗೆ ಭಯವಾಯಿತು.

ಪುಟಗಳಲ್ಲಿ ಇದ್ದದ್ದು ಇದು. ಒಂದು ಊರಿನಲ್ಲಿ ಒಬ್ಬಳು ವಿಧವೆ. ಪಕ್ಕದ ಮನೆಯವನು ಹಬ್ಬಕ್ಕೆಂದು ಅವಳಿಂದ ಆರು ಚಮಚ ಎರವಲು ತಂದಿದ್ದಾನೆ. ಹಿಂತಿರುಗಿಸುವ ನೆಪದಲ್ಲಿ ದಿನಕ್ಕೊಂದು ಚಮಚ ಹಿಡಿದು ಬರುತ್ತಾನೆ, ಕೂತು ಮಾತಾಡಿ ಹೋಗುತ್ತಾನೆ. ಆರನೆಯ ದಿನ ಬಂದು ಜೇಬು ತಡಕಾಡಿ, ಅಯ್ಯೋ ಮರೆತೆ, ನಾಳೆ ತರುತ್ತೇನೆ ಎನ್ನುತ್ತಾನೆ. ಅಷ್ಟೇ. ಇಂಥದ್ದಕ್ಕೆ ಹನ್ನೊಂದು ಜನ ಹಿಮದಲ್ಲಿ ಕೂತಿದ್ದರು.

ಜೇಬು ತಡಕಾಡುವ ಜಾಗದಲ್ಲಿ ಸಭೆಯ ಹಿಂದಿನಿಂದ ಯಾರೋ ಫಕ್ಕನೆ ನಕ್ಕರು. ಎಕ್ತೋರ್. ನಕ್ಕ ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಾಗೆಯೇ ಮುಂದಕ್ಕೆ ಬಾಗಿದರು.

"ಅಮ್ಮ ನಕ್ಕಳಾ ಇಲ್ಲಿ?" ಎಂದಳು ಲೂಸಿಯಾ.

"ನಕ್ಕಳು," ಎಂದರು ರೋಸಾ. "ಎಲ್ಲರಿಗಿಂತ ಜೋರಾಗಿ. 'ನಾಳೆ ಬಂದು ಮುಳ್ಳುಚಮಚ ಎರವಲು ಕೇಳ್ತಾನೆ ನೋಡು,' ಅಂದ್ಲು. ಎಲ್ಲರೂ ಇನ್ನೊಂದ್ಸಲ ನಕ್ಕರು. ಅದಕ್ಕೇ ಎರಡು ಪುಟಕ್ಕೆ ಒಂಬತ್ತು ನಿಮಿಷ."

ಲೂಸಿಯಾ ನಿಂತೇ ಇದ್ದಳು. ಅವಳ ತುಟಿ ಏನನ್ನೋ ಜೋಡಿಸಿಕೊಳ್ಳುತ್ತಿತ್ತು. ರೋಸಾ ಕುರ್ಚಿಯಿಂದ ಇಳಿದು, "ಕ್ಷಮಿಸು ಅಂತ ನಾನು ಕೇಳಲ್ಲ," ಎಂದರು.

"ನಾನೂ ಹೇಳಲ್ಲ," ಎಂದಳು ಅವಳು. ಆಮೇಲೆ, ಅಷ್ಟು ಹೊತ್ತು ಜಪಾನಿಯಲ್ಲೇ ಮಾತಾಡಿದವಳು, ತಾಯಿಯ ಭಾಷೆಯಲ್ಲಿ ಒಂದೊಂದೇ ಪದ ಹುಡುಕಿ ಇಡುತ್ತಾ ಹೇಳಿದಳು: "ಮುಂದಿನ ವರ್ಷ ಮತ್ತೆ ಇದನ್ನೇ ಓದಿ. ಈ ಎರಡು ಪುಟ. ನಾನು ಬಂದು ಕೂತ್ಕೋತೀನಿ."

ರೋಸಾ ತಲೆಯಾಡಿಸಿದರು. ಓನೊ ಸಾನ್ ಗೋಡೆಯ ಪ್ರಶಸ್ತಿಪತ್ರವನ್ನು ಇಳಿಸಿ, ಮುಖ ಕೆಳಗೆ ಮಾಡಿ ಮೇಜಿನ ಮೇಲಿಟ್ಟರು. ನಾನು ತಂದಿದ್ದ ಶಾಲು ಚೀಲದಿಂದ ಹೊರಗೆ ಬರಲಿಲ್ಲ.

ಮರಳುವ ಬಸ್ಸಿನಲ್ಲಿ ವಿದ್ಯಾಳನ್ನು ಕೇಳಿದೆ: "ನಾನು ಆ ಹಾಲಿನ ಕಥೆ ಹೇಳಿದ್ದರಿಂದ ಹೀಗಾಯಿತೇ?"

"ಇಲ್ಲ ಸರ್. ಲೂಸಿಯಾನ ಕರೆಸಿದ್ದು ಅವರೇ. ಹೇಳ್ಬೇಕು ಅಂತಾನೇ ಬಂದಿದ್ರು." ಸ್ವಲ್ಪ ದೂರ ಹೋದ ಮೇಲೆ, "ಆದ್ರೆ ನಾನು ಅದನ್ನ ಅಷ್ಟು ಚೆನ್ನಾಗಿ ಟ್ರಾನ್ಸ್‌ಲೇಟ್ ಮಾಡ್ಬಾರ್ದಿತ್ತು," ಎಂದಳು.

ನಾನು ಕಂಡದ್ದು ಇಷ್ಟು. ನನ್ನ ಜೊತೆ ಇದನ್ನು ಕಂಡವರು ಇದ್ದಾರೆ. ನಾನು ತಪ್ಪಿದ್ದರೆ ತಿದ್ದಬಲ್ಲರು. ವಿದ್ಯಾ ಈಗ ಜಪಾನಿನದೇ ನೋಮಿ ನಗರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ; ಈ ಬರಹವನ್ನು ಮೊದಲು ಓದಿದವಳು ಅವಳೇ. ಓನೊ ಸಾನ್ ಅದೇ ಊರಿನಲ್ಲಿದ್ದಾರೆ, ಅವರಿಗೆ ಈಚೆಗೆ ಕಿವಿ ಮಂದವಾಗಿದೆಯಂತೆ. ಎಕ್ತೋರ್ ಫುಕುವೋಕಾದಲ್ಲಿ ಮಗನ ಮನೆಯಲ್ಲಿದ್ದಾರೆ. ರೋಸಾ ಬದುಕಿದ್ದಾರೆ; ಪ್ರತಿ ಏಪ್ರಿಲ್‌ನಲ್ಲಿ ಆ ಎರಡು ಪುಟ ಓದುತ್ತಾರೆ, ಮೂರನೆಯದಕ್ಕೆ ಹೋಗುವುದಿಲ್ಲ. ಕಾರ್ಮೆನ್ ಅವರ ಮಗಳು ಲೂಸಿಯಾ ಸೆಂಡಾಯ್‌ನಲ್ಲಿದ್ದಾಳೆ. ಪ್ರತಿ ಏಪ್ರಿಲ್‌ನಲ್ಲಿ ಬಂದು ಮೂರನೆಯ ಸಾಲಿನಲ್ಲಿ ಕೂರುತ್ತಾಳೆ.